ಹಸಿರು ದೀಪದ ಸಿಟ್ಟು

ವಸುಂಧರಾ ಕೌಜಲಗಿಯವರ ಎಡತೋಳಿನ ಚರ್ಮದ ಕೆಳಗೆ ಜೋಳದ ಕಾಳಿನಷ್ಟು ಗಾತ್ರದ ಉಪಕರಣವೊಂದು ಹತ್ತು ದಿನಗಳಿಂದ ಸುಮ್ಮನೆ ಕುಳಿತಿತ್ತು. ಅಷ್ಟು ದಿನವೂ ಅದು ಏನನ್ನೂ ಕೊಡದೆ ರಕ್ತವನ್ನು ಓದುವುದಷ್ಟನ್ನೇ ಮಾಡಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಓದು ಮುಗಿಸಿ, ಮೊದಲ ಬಾರಿಗೆ ಹಾರ್ಮೋನನ್ನು ಒಸರತೊಡಗಿತು. ಅದರ ಅಳತೆ ತೋರಿಸುವ ಮಣಿಕಟ್ಟಿನ ಪಟ್ಟಿಯಲ್ಲಿ ಕೆಂಪು ದೀಪ ಹಳದಿಯಾಯಿತು, ಊಟದ ಹೊತ್ತಿಗೆ ಹಸಿರಾಯಿತು, ಅಂದರೆ ಮಟ್ಟ ಸರಿಹೋಯಿತು. ಧಾರವಾಡದಲ್ಲಿ ಆಗ ಮೇ ತಿಂಗಳು. ಆರು ವರ್ಷಗಳ ಮೇಲೆ ಅಂದು ಅವರಿಗೆ ಹೊರಗಿನ ಸೆಕೆ ಮಾತ್ರ ತಾಗಿತು. ಒಳಗಿನದು ಆರಿಹೋಗಿತ್ತು.

ಉಪಕರಣದ ಹೆಸರು ರಸಪಾಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಣ್ಣಿನ ಅಂಡಾಶಯಗಳು ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಈ ಇಳಿಕೆ ಒಂದೇ ಸಮನಾಗಿ ಆಗುವುದಿಲ್ಲ, ಇವತ್ತು ಏರಿದ್ದು ನಾಳೆ ಕುಸಿಯುತ್ತದೆ. ಮೈಯ ಶಾಖವನ್ನು ಕಾಯುವ ಮೆದುಳಿನ ಭಾಗ ಇದರಿಂದ ಗಲಿಬಿಲಿಗೊಂಡು, ಚಳಿಗಾಲದಲ್ಲೂ ಬೆವರು ಹರಿಸುತ್ತದೆ. ನಿದ್ದೆ ತುಂಡುತುಂಡಾಗುತ್ತದೆ. ನಿದ್ದೆ ಕೆಟ್ಟವರ ನೆನಪು ನೆಟ್ಟಗಿರುವುದಾದರೂ ಹೇಗೆ? ಹಿಂದಿನ ಕಾಲದ ಮಾತ್ರೆಗಳು ಬೆಳಿಗ್ಗೆಗಿಷ್ಟು ಸಂಜೆಗಿಷ್ಟು ಎಂದು ಅಳೆದು ಕೊಡುತ್ತಿದ್ದವು, ದೇಹದ ಈ ಏರಿಳಿತ ಅವುಗಳಿಗೆ ತಿಳಿಯುತ್ತಿರಲಿಲ್ಲ. ರಸಪಾಲ ಹಾಗಲ್ಲ. ಅದು ರೋಗಿಯ ಸ್ವಂತ ಕೊಬ್ಬಿನ ಜೀವಕೋಶಗಳಿಂದ ಬೆಳೆಸಿದ ಕಿರುಗ್ರಂಥಿ. ನಿಮಿಷಕ್ಕೊಮ್ಮೆ ರಕ್ತ ನೋಡಿ, ಕೊರತೆ ಇದ್ದಷ್ಟನ್ನೇ ತುಂಬುತ್ತದೆ. ಅದನ್ನು ರೂಪಿಸಿದ ಡಾ. ನಸೀಮಾ ಕಿತ್ತೂರ ಸಂಶೋಧನಾ ಪತ್ರಿಕೆಗಳಲ್ಲಿ ಏನೇನೋ ಉದ್ದದ ಹೆಸರು ಬರೆದರೂ, ಊರಿನ ಹೆಂಗಸರು ಅದಕ್ಕೆ 'ಕಾಳು' ಎಂದೇ ಹೆಸರಿಟ್ಟಿದ್ದರು.

ವಸುಂಧರಾ ಅವರ ಆರು ವರ್ಷಗಳ ಕಥೆಯನ್ನು ಇಲ್ಲಿ ಹೇಳಲೇಬೇಕು. ಹೇಳುವಾಗ ನನಗೂ ಸಿಟ್ಟು ಬರುತ್ತದೆ.

ಆಗ ಅವರಿಗೆ ಐವತ್ತು. ಪ್ರಾಂತದ ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಒಂದು ಪಾಳಿಯ ಮುಖ್ಯಸ್ಥೆಯಾಗಿದ್ದರು. ಯಾವ ಊರಿಗೆ ಎಷ್ಟು ವಿದ್ಯುತ್ ಹರಿಯಬೇಕು, ಯಾವ ಲೈನನ್ನು ಯಾವಾಗ ಬಂದ್ ಮಾಡಬೇಕು ಎಂದು ತೀರ್ಮಾನಿಸುವ ಕೆಲಸ. ಒಂದು ಮಧ್ಯಾಹ್ನ ಕಾರ್ಖಾನೆ ಪ್ರದೇಶದ ಮೂರನೆಯ ಲೈನು ಮಿತಿಮೀರಿ ಕಾಯುತ್ತಿತ್ತು. ಅಂದೇ ಆ ಕಾರ್ಖಾನೆಗಳಿಗೆ ದೊಡ್ಡ ಅತಿಥಿಗಳು ಬಂದಿದ್ದರು. ಲೈನು ಬಂದ್ ಆಗಬೇಕೋ ಬೇಡವೋ ಎಂಬ ವಿಷಯದಲ್ಲಿ ವಸುಂಧರಾ ಅವರಿಗೂ ಮೇಲಧಿಕಾರಿ ಶ್ರೀಶೈಲ ಬೆಟಗೇರಿಯವರಿಗೂ ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಇಪ್ಪತ್ತು ನಿಮಿಷದಲ್ಲಿ ಕಾದ ತಂತಿ ಹರಿದು ಪಕ್ಕದ ಕಂಬದ ಮೇಲೆ ಬಿತ್ತು. ಆ ಕಂಬದ ಮೇಲೆ ಕೆಲಸ ಮಾಡುತ್ತಿದ್ದ ಲೈನ್‌ಮನ್ ತನ್ನ ಬಲಗೈ ಕಳೆದುಕೊಂಡ.

ನಾಲ್ಕು ದಿನಗಳಲ್ಲಿ ಬೆಟಗೇರಿಯವರ ವರದಿ ಬಂತು. ಅದರಲ್ಲಿ ಒಂದು ವಾಕ್ಯವಿತ್ತು: 'ಪಾಳಿಯ ಮುಖ್ಯಸ್ಥೆಯು ಋತುಬಂಧಜನ್ಯ ಉದ್ವೇಗಕ್ಕೆ ಒಳಗಾಗಿದ್ದ ಕಾರಣ ಲೈನು ಬಂದ್ ಮಾಡುವ ಆದೇಶ ತಡವಾಯಿತು.' ಅಂದರೆ ಒಬ್ಬ ಮನುಷ್ಯನ ಕೈ ಹೋದದ್ದು ಒಬ್ಬ ಹೆಂಗಸಿನ ಮುಟ್ಟು ನಿಂತದ್ದರಿಂದ ಎಂದಾಯಿತು.

ವಸುಂಧರಾ ಇದನ್ನು ಯಾಕೆ ಎದುರಿಸಲಿಲ್ಲ ಎಂದು ಯಾರಾದರೂ ಕೇಳಬಹುದು. ಆ ವಾರ ಅವರು ನೆಟ್ಟಗೆ ಮಲಗಿರಲಿಲ್ಲ. ಆ ಮಧ್ಯಾಹ್ನವನ್ನು ನೆನೆದರೆ ತಲೆಯೊಳಗೆ ಹೊಗೆ ತುಂಬಿದಂತಾಗುತ್ತಿತ್ತು. ತಾವು ಕೂಗಾಡಿದ್ದು ನೆನಪಿತ್ತು, ಏನು ಹೇಳಿ ಕೂಗಾಡಿದ್ದು ಎಂಬುದು ನೆನಪಿರಲಿಲ್ಲ. ದೊಡ್ಡ ಅಧಿಕಾರಿ ಬರೆದಿದ್ದಾರೆಂದ ಮೇಲೆ ತಡವಾಗಿದ್ದರೂ ಆಗಿರಬಹುದು ಎಂದು ಅವರೇ ನಂಬಿದರು. ಅವರನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಲಾಯಿತು. ಚಹಾ ತಣ್ಣಗಿದೆ ಎಂದು ಸ್ವಲ್ಪ ದನಿ ಏರಿಸಿದರೂ ಸಾಕು, ಉದ್ವೇಗ ಬಂತು ನೋಡ್ರಪಾ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಆ ಲೈನ್‌ಮನ್ ದಾರಿಯಲ್ಲಿ ಎದುರಾದರೆ ವಸುಂಧರಾ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು.

ಕಾಳು ಹಾರ್ಮೋನು ಕೊಡತೊಡಗಿದ ಮೂರು ವಾರಕ್ಕೆ ಅವರು ಡಾ. ನಸೀಮಾ ಅವರ ಬಳಿ ದೂರು ತಂದರು. "ಡಾಕ್ಟ್ರ, ನಿದ್ದಿ ಬರ್ಲಿಕ್ಕತ್ತದ, ಬೆವರು ನಿಂತದ. ಆದ್ರ ಸಿಟ್ಟು ಮಾತ್ರ ಹೋಗಿಲ್ಲರೀ. ಹೆಚ್ಚಾಗೇದ."

ಡಾಕ್ಟರು ಇಪ್ಪತ್ತೊಂದು ದಿನಗಳ ನಕ್ಷೆಯನ್ನು ತೆರೆದು ನೋಡಿದರು. ಗೆರೆ ಎಲ್ಲಿಯೂ ಕದಲಿರಲಿಲ್ಲ.

"ಎಲ್ಲಾ ಸರಿ ಐತಿ ಬಾಯಾರ. ನನ್ನ ಕಾಳು ನಿಮ್ದಲ್ಲದ ಸಿಟ್ಟನ್ನಷ್ಟ ತಗೀತೈತಿ. ಉಳದದ್ದು ನಿಮ್ಮ ಸ್ವಂತದ್ದು."

"ಇದಕ್ಕೇನು ಔಷಧ ಹಂಗಾರ?"

"ನನ್ನ ಹತ್ರ ಇಲ್ಲ. ಯಾರ ಮ್ಯಾಲೆ ಸಿಟ್ಟೈತೋ ಅವರ ಹತ್ರ ಇರಬೇಕು."

ವಸುಂಧರಾ ನಗಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತರು. ಎರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಓಣಿಯ ವಿದ್ಯುತ್ ಹೋಯಿತು, ಪಕ್ಕದ ಮನೆಯ ಮಿಕ್ಸರಿನ ಸದ್ದು ಒಮ್ಮೆಲೇ ನಿಂತಿತು. ಆ ನಿಶ್ಶಬ್ದದಲ್ಲಿ ಅವರಿಗೆ ತಮ್ಮದೇ ದನಿ ನೆನಪಾಯಿತು. ನಾಲ್ಕು ಹತ್ತು, ಮೂರನೇ ಲೈನ್ ಬಂದ್ ಮಾಡ್ರಿ. ಅದಕ್ಕೆ ಬೆಟಗೇರಿಯವರು ಕೊಟ್ಟ ಉತ್ತರವೂ ನೆನಪಾಯಿತು: "ಬಾಯಾರ, ಬಂದ್ ಗಿಂದ್ ಏನೂ ಬ್ಯಾಡ. ನೀವು ಹೊರಗ ಹೋಗಿ ಒಂದೀಟು ನೀರು ಕುಡದು ಬರ್ರಿ." ರೊಟ್ಟಿ ಹೊತ್ತಿಹೋಯಿತು. ಅವರು ಎದ್ದು ಹಂಚು ಇಳಿಸಲಿಲ್ಲ.

ನಿಯಂತ್ರಣ ಕೇಂದ್ರದ ಪ್ರತಿಯೊಂದು ಮಾತೂ ಧ್ವನಿಮುದ್ರಣವಾಗುತ್ತದೆ, ಹತ್ತು ವರ್ಷ ದಾಖಲೆ ಕೋಣೆಯಲ್ಲಿರುತ್ತದೆ. ವಸುಂಧರಾ ಅವರನ್ನು ಬೆಟಗೇರಿ ತಂದು ಕೂರಿಸಿದ್ದೂ ಅದೇ ಕೋಣೆಯಲ್ಲಿ. ಬೆಕ್ಕನ್ನು ತಂದು ಹಾಲಿನ ಪಕ್ಕದಲ್ಲಿ ಕಟ್ಟಿದ ಹಾಗೆ ಎಂದು ನಗಬೇಡಿ, ಆ ಮನುಷ್ಯನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ತನ್ನದೆಂದು ನಂಬಿದ ಹೆಂಗಸು ತನ್ನ ತಪ್ಪಿನ ಸಾಕ್ಷ್ಯವನ್ನು ತಾನಾಗಿ ಕೇಳಲು ಹೋಗುವುದಿಲ್ಲ. ಆರು ವರ್ಷ ಆ ಕಪಾಟಿನಿಂದ ನಾಲ್ಕು ಮೊಳ ದೂರದಲ್ಲಿ ಕುಳಿತೂ ವಸುಂಧರಾ ಅದನ್ನು ಮುಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಮುಟ್ಟಿದರು. ನಾಲ್ಕು ಹತ್ತರ ಆದೇಶ, ನೀರು ಕುಡಿದು ಬನ್ನಿ ಎಂಬ ಉಪದೇಶ, ಆಮೇಲೆ ಮತ್ತೆರಡು ಸಲ ಅವರೇ ಬೇಡಿಕೊಂಡದ್ದು, ಎಲ್ಲವೂ ಹಾಗೆಯೇ ಇತ್ತು. ಕೇಳಿ ಮುಗಿಸಿದ ಮೇಲೆ ಅವರಿಗೆ ಅಳು ಬರಲಿಲ್ಲ. ಇವನನ್ನು ಬಿಡುವುದಿಲ್ಲ ಎಂಬ ಒಂದೇ ವಿಚಾರ ಬಂತು. ಮಣಿಕಟ್ಟಿನ ದೀಪ ಹಸಿರಾಗಿಯೇ ಇತ್ತು.

ದೂರು ದಾಖಲಾಯಿತು, ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರು ನೇಮಕವಾದರು. ಬೆಟಗೇರಿ ಅಷ್ಟರಲ್ಲಿ ಕೇಂದ್ರದ ನಿರ್ದೇಶಕರಾಗಿದ್ದರು, ನಿವೃತ್ತಿಗೆ ಒಂಬತ್ತು ತಿಂಗಳು ಉಳಿದಿತ್ತು. ಮೊದಲ ದಿನವೇ ಅವರ ವಕೀಲರು ಒಂದು ವೈದ್ಯಕೀಯ ಪತ್ರ ಮುಂದಿಟ್ಟರು. ಗಂಡಸರಲ್ಲಿಯೂ ವಯಸ್ಸಾದಂತೆ ಟೆಸ್ಟೋಸ್ಟಿರಾನ್ ಕುಗ್ಗುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ನಮ್ಮ ಕಕ್ಷಿದಾರರಿಗೆ ಏಳೆಂಟು ವರ್ಷಗಳಿಂದ ಈ ತೊಂದರೆ ಇದೆ, ಹೀಗಾಗಿ ಅವರು ವಿಚಾರಣೆ ಎದುರಿಸಲು ಸಮರ್ಥರಲ್ಲ ಎಂಬುದು ವಾದ. ಪತ್ರದಲ್ಲಿ ಕಾಯಿಲೆಯ ಹೆಸರು 'ವಯೋಸಹಜ ರಸವ್ಯತ್ಯಯ' ಎಂದಿತ್ತು. ನೋಡಿ, ಹೆಂಗಸಿಗಾದರೆ ಉದ್ವೇಗ, ಗಂಡಸಿಗಾದರೆ ವಯೋಸಹಜ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಇಷ್ಟು ಮರ್ಯಾದೆಯಿಂದ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿಯಮದ ಪ್ರಕಾರ ಆರೋಪಿಗೆ ಚಿಕಿತ್ಸೆಯಾಗುವ ತನಕ ವಿಚಾರಣೆ ನಿಲ್ಲುತ್ತದೆ. ಗಂಡಸರ ರಸಪಾಲ ಆಗಷ್ಟೇ ಪ್ರಯೋಗಕ್ಕೆ ಬಂದಿತ್ತು, ಅದಕ್ಕೆ ಕಾದವರ ಪಟ್ಟಿ ಎಷ್ಟು ಉದ್ದವಿತ್ತೆಂದರೆ ಸರದಿ ಬರಲು ಒಂದು ವರ್ಷಕ್ಕೂ ಹೆಚ್ಚು ಬೇಕಿತ್ತು. ಅಷ್ಟರಲ್ಲಿ ಬೆಟಗೇರಿ ಹಾರ ಹಾಕಿಸಿಕೊಂಡು ನಿವೃತ್ತರಾಗಿರುತ್ತಿದ್ದರು. ಆಮೇಲೆ ವಿಚಾರಣೆಯೇ ಇಲ್ಲ. ಆ ವಾಕ್ಯ ವಸುಂಧರಾ ಅವರ ಕಡತದಲ್ಲಿ ಕೊನೆಯವರೆಗೂ ಉಳಿಯುತ್ತಿತ್ತು.

ವಸುಂಧರಾ ನೇರವಾಗಿ ಡಾ. ನಸೀಮಾ ಅವರ ಬಳಿ ಹೋದರು. ಮೊದಲ ತಂಡದಲ್ಲಿ ಕಾಳು ಹಾಕಿಸಿಕೊಂಡ ನೂರು ಹೆಂಗಸರಿಗೆ ಒಂದು ಸವಲತ್ತಿತ್ತು. ಪ್ರತಿಯೊಬ್ಬರೂ ಒಂದು ಹೆಸರು ಸೂಚಿಸಬಹುದು, ಹೆಣ್ಣಾಗಲಿ ಗಂಡಾಗಲಿ ಆ ವ್ಯಕ್ತಿಗೆ ಸರದಿಯಿಲ್ಲದೆ ಚಿಕಿತ್ಸೆ. ಎಲ್ಲರೂ ಅಕ್ಕತಂಗಿಯರ, ಮಗಳಂದಿರ ಹೆಸರು ಬರೆದಿದ್ದರು. ವಸುಂಧರಾ ಗದಗಿನಲ್ಲಿರುವ ತಮ್ಮ ತಂಗಿಗೆ ಮಾತು ಕೊಟ್ಟಿದ್ದರು. ಅವಳಿಗೆ ನಲವತ್ತೆಂಟು, ಎರಡು ವರ್ಷದಿಂದ ಬೆವರಿ ಬಸವಳಿದಿದ್ದಳು. ಈಗ ಆ ಜಾಗದಲ್ಲಿ ಅವರು ಶ್ರೀಶೈಲ ಬೆಟಗೇರಿ ಎಂದು ಬರೆದರು.

ಡಾಕ್ಟರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ಸೇಡಿಗೆ ವಿಷ ಹಾಕ್ಸೋರ್ನ ಕೇಳೇನಿ ಬಾಯಾರ. ಔಷಧ ಹಾಕ್ಸೋರ್ನ ಇವತ್ತ ನೋಡಿದೆ."

"ಅವ್ರು ಆರಾಮಾಗಬೇಕ್ರಿ ಡಾಕ್ಟ್ರ. ಪೂರ್ತಿ ಆರಾಮಾಗಬೇಕು. ಆಮ್ಯಾಲೆ ಹಾರ್ಮೋನು ಅಂತ ಹೇಳ್ಲಿಕ್ಕೆ ಅವರ ಕಡೆ ಏನೂ ಉಳೀಬಾರ್ದು."

ತಂಗಿಗೆ ವಿಷಯ ತಿಳಿಸಿದಾಗ ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಫೋನು ಮಾಡಿ, ಅವನ್ನ ಬಿಡಬ್ಯಾಡ ಅಕ್ಕಾ ಎಂದಷ್ಟೇ ಹೇಳಿ ಇಟ್ಟಳು.

ಬೆಟಗೇರಿ ಸಿಕ್ಕಿಬಿದ್ದರು. ಚಿಕಿತ್ಸೆ ಬೇಡವೆಂದರೆ ಕಾಯಿಲೆಯೇ ಸುಳ್ಳೆಂದಾಗುತ್ತದೆ, ಬೇಕೆಂದರೆ ಗುಣವಾಗಬೇಕಾಗುತ್ತದೆ. ಗೊಣಗುತ್ತಲೇ ತೋಳು ಕೊಟ್ಟರು.

ಮೂರು ತಿಂಗಳ ಮೇಲೆ ಒಂದು ಶುಕ್ರವಾರ, ವಸುಂಧರಾ ತಮ್ಮ ತಪಾಸಣೆಗೆಂದು ಹೋದಾಗ ಡಾಕ್ಟರ ಕೋಣೆಯಲ್ಲಿ ಬೆಟಗೇರಿ ಕುಳಿತಿದ್ದರು. ವಸುಂಧರಾ ಹೊರಗೆ ನಿಲ್ಲಲು ಹೋದರೆ, ಒಳಗೆ ಬರಲಿ ಎಂದು ಬೆಟಗೇರಿಯವರೇ ಡಾಕ್ಟರಿಗೆ ಹೇಳಿದರು. ಅವರ ಮಣಿಕಟ್ಟಿನಲ್ಲಿಯೂ ಹಸಿರು ದೀಪವಿತ್ತು. ಮೈ ಇಳಿದಿತ್ತು, ಕಣ್ಣು ನಿಚ್ಚಳವಾಗಿತ್ತು. ಈ ದಿನಕ್ಕಾಗಿ ವಸುಂಧರಾ ತಿಂಗಳುಗಟ್ಟಲೆ ಬೈಗುಳ ಕೂಡಿಸಿಟ್ಟಿದ್ದರು. ಆದರೆ ಮೊದಲು ಮಾತಾಡಿದವರು ಬೆಟಗೇರಿ.

ಹತ್ತು ವರ್ಷಗಳಲ್ಲಿ ಕಾಣದಂಥ ನಿದ್ದೆ ಈಗ ಬರುತ್ತಿದೆ ಎಂದರು. ಮೊದಲ ತಿಂಗಳು ಅದು ಸುಖವಾಗಿತ್ತು. ಎರಡನೆಯ ತಿಂಗಳಿಂದ ಬೆಳಿಗ್ಗೆ ಎದ್ದೊಡನೆ ತಲೆ ತಿಳಿನೀರಿನಂತೆ ಇರುತ್ತಿತ್ತು, ಆ ತಿಳಿಯಲ್ಲಿ ಎಲ್ಲವೂ ಕಾಣತೊಡಗಿತು. ಫೋನಿನಲ್ಲಿ ಆಡಿದ ಮಾತು, ಆಸ್ಪತ್ರೆಯಲ್ಲಿ ಲೈನ್‌ಮನ್ನನ ಹೆಂಡತಿ ಬೆಟಗೇರಿಯವರ ಕಾಲು ಹಿಡಿದು ಗಂಡನನ್ನು ಕೆಲಸದಿಂದ ತೆಗೆಯಬೇಡಿ ಎಂದು ಬೇಡಿಕೊಂಡದ್ದು, ವರದಿ ಬರೆದದ್ದು. ಕಾಯಿಲೆ ಇದ್ದದ್ದು ನಿಜ, ಅದರಿಂದ ವಿಚಾರಣೆ ಎದುರಿಸಲಾರೆ ಎಂದು ವಕೀಲರು ಹೇಳಿದ್ದು ಸುಳ್ಳು ಎಂದರು. ಫೋನಿನಲ್ಲಿ ಆಡಿದ್ದು ಮಂಪರಿನಲ್ಲಿ ಎಂದಾದರೂ ಅನ್ನಬಹುದು, ವರದಿಗೆ ಆ ನೆಪವೂ ಇಲ್ಲ.

"ವರದಿ ಬರದದ್ದು ಬೆಳಿಗ್ಗೆ ಹತ್ತಕ್ಕ, ಚಾ ಕುಡದು, ಆರಾಮ ಕುಂತು," ಎಂದರು ಬೆಟಗೇರಿ. "ಉದ್ವೇಗ ಅನ್ನೋ ಆ ಶಬ್ದ ಹುಡುಕಾಕ ಎರಡು ತಾಸು ಹಿಡೀತು. ಹಾರ್ಮೋನಿಂದಲ್ಲ ಅದು, ನಂದ."

ವಸುಂಧರಾ ಅವರ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಎದುರಿಗಿದ್ದ ಮನುಷ್ಯ ಅವರು ಹೊಡೆಯಬೇಕೆಂದಿದ್ದ ಮನುಷ್ಯನಂತೆ ಕಾಣಲಿಲ್ಲ. ಅವರಿಗೆ ಮೋಸವಾದಂತೆ ಅನ್ನಿಸಿತು. ಈತ ಹೀಗೆ ಮೆತ್ತಗಾದದ್ದು ಕಾಳಿನಿಂದಲೇನು ಎಂದು ಡಾಕ್ಟರನ್ನು ಸಿಟ್ಟಿನಿಂದಲೇ ಕೇಳಿದರು. ಡಾ. ನಸೀಮಾ ತಲೆಯಾಡಿಸಿದರು. ರಸಪಾಲ ಒಳ್ಳೆಯತನವನ್ನು ತಯಾರಿಸುವುದಿಲ್ಲ, ಕೆಟ್ಟತನವನ್ನು ತೆಗೆಯುವುದೂ ಇಲ್ಲ. ಅದು ನಿದ್ದೆ ಕೊಡುತ್ತದೆ, ನಿದ್ದೆ ನೆನಪು ಕೊಡುತ್ತದೆ, ಆ ನೆನಪು ಏನು ಮಾಡುತ್ತದೆಂದು ತಾವು ಯಾವ ಪ್ರಯೋಗದಲ್ಲಿಯೂ ಅಳೆದಿಲ್ಲ ಎಂದು ಒಪ್ಪಿಕೊಂಡರು.

ಆಗ ಬೆಟಗೇರಿ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಕೈಯನ್ನು ಮೇಜಿನ ಮೇಲಿಟ್ಟರು. "ತಗದುಬಿಡ್ರಿ ಡಾಕ್ಟ್ರ. ಮೊದಲಿನ್ಹಂಗ ಮಂಪರಿನ್ಯಾಗ ಇರ್ತೀನಿ. ದಿನಾ ಎದ್ದು ಇದನ್ನ ನೋಡಾಕ ಆಗವಲ್ದು."

ಕೋಣೆಯಲ್ಲಿ ಮೂವರಿಗೂ ಇದರ ಅರ್ಥ ಗೊತ್ತಿತ್ತು. ತೆಗೆಯಲು ಹತ್ತು ನಿಮಿಷ ಸಾಕು. ತಿಂಗಳೊಪ್ಪತ್ತಿನಲ್ಲಿ ಹಳೆಯ ಮಂಕು ಮರಳುತ್ತದೆ. ಅಸಮರ್ಥ ಎಂಬ ಪತ್ರ ಮತ್ತೆ ಸಿಗುತ್ತದೆ, ವಿಚಾರಣೆ ನಿಲ್ಲುತ್ತದೆ, ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಬೇಡವೆಂದ ರೋಗಿಯ ಮೈಯಲ್ಲಿ ಉಪಕರಣವನ್ನು ಉಳಿಸುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ. ಡಾ. ನಸೀಮಾ ಕೈ ತೊಳೆಯಲು ಎದ್ದರು. ತಂಗಿಯ ಜಾಗ ಕೊಟ್ಟು ಕಟ್ಟಿದ ಸೇಡು ಹತ್ತು ನಿಮಿಷದಲ್ಲಿ ಕೈಜಾರುವುದರಲ್ಲಿತ್ತು.

ವಸುಂಧರಾ ಬೆಟಗೇರಿಯವರ ಎದುರಿನ ಕುರ್ಚಿಯಲ್ಲಿ ಕುಳಿತರು. ದನಿ ಏರಿಸಲಿಲ್ಲ.

"ಸಾಹೇಬ್ರ, ನೀವು ಬರದ ಸುಳ್ಳನ್ನ ನಾನು ಆರು ವರ್ಷ ನಂಬೀನಿ. ಒಬ್ಬನ ಕೈ ನಾನ ಕಡದೀನಿ ಅಂತ ತಿಳದು, ನಿದ್ದಿ ಇಲ್ಲದ ನಂಬೀನಿ. ನಿಮಗ ನಿದ್ದಿನೂ ಅದ, ಖರೇದೂ ಗೊತ್ತದ. ಅದನ್ನ ಇಟ್ಕೊಂಡು ಬದುಕ್ರಿ. ನಾ ಬೇಡೋ ಶಿಕ್ಷಾ ಇದ."

ಬೆಟಗೇರಿ ತಮ್ಮ ತೋಳನ್ನು ನೋಡಿಕೊಂಡರು. ಡಾಕ್ಟರು ಒದ್ದೆ ಕೈಗಳನ್ನು ಹಾಗೆಯೇ ಹಿಡಿದು ನಿಂತಿದ್ದರು. ಕೊನೆಗೆ ಬೆಟಗೇರಿ ಅಂಗಿಯ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ವಸುಂಧರಾ ಅವರಿಗೆ ಸಂತೋಷವಾಯಿತು, ಅದನ್ನು ಮುಚ್ಚಿಡಬೇಕೆಂದು ಅವರಿಗೆ ಅನ್ನಿಸಲಿಲ್ಲ.

"ವಿಚಾರಣಿ ಯಾವಾಗ ಐತಿ?" ಎಂದು ಬೆಟಗೇರಿ ಕೇಳಿದರು.

"ಸೋಮವಾರ, ಹನ್ನೊಂದಕ್ಕ," ಎಂದರು ವಸುಂಧರಾ. "ಚಲೋ ನಿದ್ದಿ ಮಾಡಿ ಬರ್ರಿ."