ನೆರಳಿನ ನೂಲು

"ನೂಲು ಹಿಡಿದಾಗ ಗೋಡೆ ಹತ್ತಿರ ಬರಬೇಡಿ ಸ್ವಾಮಿ. ಯಾರ ನೆರಳು ಅಳೀತೀವೋ ಅವರು ನಲವತ್ತನೇ ದಿನ ಇರಲ್ಲ," ಎಂದ ಗ್ರೀಕ್ ಮೇಸ್ತ್ರಿ ಸ್ತಾಮಾತಿ.

ಗೋಬೇರ್ ನಕ್ಕುಬಿಟ್ಟ. ಶಿಲುಬೆಯ ಯೋಧನಾಗಿ ಫ್ರಾನ್ಸಿನಿಂದ ರೋಡ್ಸ್ ದ್ವೀಪದ ಕೋಟೆಗೆ ಬಂದು ಇನ್ನೂ ಎಂಟು ದಿನವಾಗಿರಲಿಲ್ಲ. ತುರ್ಕರ ಫಿರಂಗಿ ಒಡೆದ ಗೋಡೆಯನ್ನು ಮೇಸ್ತ್ರಿಗಳು ಮೂರು ಸಲ ಕಟ್ಟಿದ್ದರು. ಮೂರು ಸಲವೂ ಕುಸಿದಿತ್ತು. ಬುನಾದಿಗೆ ಬಲಿ ಕೊಡಲು ಸಾಕಿದ್ದ ಟಗರನ್ನು ಹಸಿದ ಸೈನಿಕರು ತಿಂದು ತೇಗಿದ್ದರು. ಉಳಿದದ್ದು ಇದೊಂದೇ ದಾರಿ: ಯಾರದಾದರೂ ನೆರಳನ್ನು ನೂಲಿನಿಂದ ಅಳೆದು ಕಲ್ಲಿನಡಿ ಹೂಳುವುದು.

"ನನ್ನದನ್ನೇ ಅಳೆಯಯ್ಯ, ಬಿಟ್ಟಿ ಬಿದ್ದಿದೆ," ಎಂದು ಗೋಬೇರ್ ಸಂಜೆಯ ಬಿಸಿಲಿಗೆ ಬೆನ್ನು ಕೊಟ್ಟು ನಿಂತ.

ಏನೋ ತಮಾಷೆ ನಡೆದಿದೆಯೆಂದು ಅವನ ತಮ್ಮ ಟಿಬೋ ಎದುರಿಗೆ ಬಂದ. ಅಣ್ಣನ ನೀಳ ನೆರಳು ತಮ್ಮನ ನೆರಳಿನೊಂದಿಗೆ ಸೇರಿ ಒಂದಾಯಿತು. ಮುದುಕ ಮೇಸ್ತ್ರಿ ಅಳೆಯಲು ಹಿಂಜರಿದ. ಅಳೆಯೆಂದು ಗೋಬೇರ್ ಗದರಿದ. ನೂಲು ಅಣ್ಣನ ಪಾದದಿಂದ ತಮ್ಮನ ನೆರಳಿನ ತಲೆಯವರೆಗೆ ಹೋಯಿತು. ಸುಣ್ಣದ ಘಾಟಿನಲ್ಲಿ ಅದನ್ನು ಹೂತರು.

ಗೋಡೆ ನಿಂತಿತು. ಎಷ್ಟು ಗುಂಡು ಬಿದ್ದರೂ ಜಗ್ಗಲಿಲ್ಲ.

ಹತ್ತನೆಯ ದಿನ ಟಿಬೋನ ಬೂಟಿನಿಂದ ರಕ್ತ ಸೋರುತ್ತಿತ್ತು. ಕಳಚಿ ನೋಡಿದರೆ ಅಂಗಾಲಿಗೆ ಮೊಳೆ ಹೊಕ್ಕಿದೆ. ಅವನಿಗೆ ಗೊತ್ತೇ ಇಲ್ಲ. ಗೋಬೇರನ ಬೆರಳುಗಳೂ ಮರಗಟ್ಟಿದ್ದವು. ಆ ಜೋಮು ತಮ್ಮನ ಮೊಣಕಾಲಿಗೆ ಏರಿತು. ಕಂದಕದ ಹೆಣಗಳ ನಾತವಾಗಲಿ, ಫಿರಂಗಿಯ ಸದ್ದಾಗಲಿ ಇಬ್ಬರನ್ನೂ ಮುಟ್ಟುತ್ತಿರಲಿಲ್ಲ. ಪಕ್ಕದವನು ಸತ್ತರೆ ಅವನ ರೊಟ್ಟಿಯನ್ನು ಸುಮ್ಮನೆ ಎತ್ತಿಕೊಳ್ಳುತ್ತಿದ್ದರು. ತಮ್ಮನ ನಡಿಗೆ ಕಂಡಾಗ ಮಾತ್ರ ಗೋಬೇರ್ ಉಳಿದ ದಿನಗಳನ್ನು ಎಣಿಸುತ್ತಿದ್ದ.

ಮೂವತ್ತೊಂಬತ್ತನೆಯ ದಿನ ಅವನು ಮೇಸ್ತ್ರಿಯ ಕಾಲು ಹಿಡಿದ.

"ನೂಲು ಕಿತ್ತರೆ ಇಬ್ಬರೂ ಉಳೀತೀರಿ, ಗೋಡೆ ಉಳಿಯಲ್ಲ," ಎಂದ ಮುದುಕ. "ಒಳಗೆ ನಮ್ಮ ಹೆಂಡ್ತಿ ಮಕ್ಕಳಿದಾರೆ ಸ್ವಾಮಿ."

ಮರುದಿನ ಬೆಳಿಗ್ಗೆ ಟಿಬೋ ಗೋಡೆಯ ಮೇಲೆ ಕಾವಲಿದ್ದ. ಇಳಿದು ಇಗರ್ಜಿಗೆ ಹೋಗೆಂದು ಗೋಬೇರ್ ಕೂಗಿ ಹೇಳಿದ. ತಮ್ಮ ಕೈಯಾಡಿಸಿ ಮರೆಯಾದ. ಹತ್ತು ಪ್ರಾರ್ಥನೆ ಹೇಳುವಷ್ಟು ಹೊತ್ತು ಕಾದು, ಗೋಬೇರ್ ಬುನಾದಿಯ ಕಲ್ಲಿಗೆ ಹಾರೆ ಹಾಕಿದ. ಸುಣ್ಣ ಉದುರಿತು. ಒಳಗೆ ಕತ್ತಲು. ಕೈ ತೂರಿಸಿದ. ಬೆರಳಿಗೆ ಏನೂ ತಿಳಿಯದು. ನೂಲೋ? ಬೇರೋ? ಎಳೆದ. ಮತ್ತೆ ಎಳೆದ. ಮೇಲೆ ಕಲ್ಲು ನರಳಿತು. ನೂಲು ಬಂತು. ಗೋಡೆಯೂ ಬಂತು.

ಮೇಸ್ತ್ರಿ ಅವನನ್ನು ಧೂಳಿನಿಂದ ಹೊರಗೆಳೆದಾಗ ಮೈಗೆ ಎಲ್ಲವೂ ತಿಳಿಯುತ್ತಿತ್ತು. ಮುರಿದ ಪಕ್ಕೆಲುಬು, ಸುಣ್ಣ ಸುಟ್ಟ ಅಂಗೈ, ಬೆರಳ ಸಂದಿನಲ್ಲಿ ನೂಲಿನ ಒರಟು.

"ಟಿಬೋ ಇಳಿದನಲ್ಲ?" ಎಂದ.

"ಗೋಡೆ ಬಿದ್ದಾಗ ಇನ್ನೂ ಮೆಟ್ಟಿಲ ಮೇಲೆ ತೆವಳ್ತಾ ಇದ್ದ ಸ್ವಾಮಿ. ಬೆಳಗಿನಿಂದ ಕಾಲು ಪೂರ್ತಿ ಬಿದ್ದುಹೋಗಿತ್ತು. ಅಣ್ಣನಿಗೆ ಹೇಳಬೇಡ ಅಂದಿದ್ದ."

ಗೋಬೇರ್ ಅತ್ತ. ನಲವತ್ತು ದಿನದಲ್ಲಿ ಮೊದಲ ಸಲ ಅತ್ತ. ಒಡಕಿನಾಚೆ ತುರ್ಕರ ನಗಾರಿ ಹತ್ತಿರವಾಗುತ್ತಿತ್ತು. ಮುದುಕ ಅವನ ಮುಷ್ಟಿಯಿಂದ ನೂಲು ಬಿಡಿಸಿಕೊಂಡು, ಬಿಸಿಲು ಯಾವ ಕಡೆಗಿದೆಯೆಂದು ನೋಡಿದ.

ಗೋಬೇರ್ ಕಲ್ಲು ಹಿಡಿದು ಎದ್ದು, ಬಿಸಿಲಿಗೆ ಬೆನ್ನು ಕೊಟ್ಟು, ಈ ಸಲ ಒಬ್ಬನೇ ನಿಂತ.