ಚಿಕ್ಕ ಕೈಗೊಂದು ಹಿಡಿ

ಪೀಣ್ಯ ಎರಡನೇ ಹಂತದ ಆ ವರ್ಕ್‌ಶಾಪಿಗೆ ಡಾಕ್ಟರ್ ವೇಣಿ ಬಂದದ್ದೇ ಸಿಟ್ಟಿನಲ್ಲಿ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಆಪರೇಷನ್ ಮಾಡುವುದು ಅವಳ ಕೆಲಸ. ಒಳಗೆ ಹೊಲಿಗೆ ಹಾಕುವ ಉದ್ದನೆಯ ಇಕ್ಕಳವನ್ನು ಮೇಜಿನ ಮೇಲಿಟ್ಟು, ಇದರ ಹಿಡಿ ನನ್ನ ಕೈಗೆ ದೊಡ್ಡದು, ಚಿಕ್ಕದು ಮಾಡಿಕೊಡಿ ಎಂದಳು.

ವರ್ಕ್‌ಶಾಪಿನ ಒಡೆಯ ಭಾನುಪ್ರಕಾಶ್ ಅದನ್ನು ತಿರುಗಿಸಿ ನೋಡಿದ. "ಇದು ಸ್ಟ್ಯಾಂಡರ್ಡ್ ಸೈಜ್ ಮೇಡಂ. ಅಭ್ಯಾಸ ಆದ್ರೆ ಸರಿಹೋಗುತ್ತೆ."

ಅವಳ ವಿಭಾಗದ ಮುಖ್ಯಸ್ಥ ಡಾಕ್ಟರ್ ವಿನಾಯಕ್ ವರ್ಷಗಳಿಂದ ಹೇಳುತ್ತಿದ್ದ ಮಾತೇ ಇದು. ಈ ಕೈಗೆ ರಂಗೋಲಿ ಸಾಕು ಎಂದು ನಗುತ್ತ ಸೇರಿಸುತ್ತಲೂ ಇದ್ದರು. ವೇಣಿ ಇಕ್ಕಳ ಕಿತ್ತುಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಹಿಡಿಯೊಳಗೆ ಬೆರಳು ತೂರಿಸಿ ತೋರಿಸಿದಳು. ತುದಿ ತಿರುಗಿಸುವ ಚಕ್ರಕ್ಕೆ ಅವಳ ತೋರುಬೆರಳು ಎಟಕುತ್ತಲೇ ಇರಲಿಲ್ಲ.

"ಅಭ್ಯಾಸ ಆದ್ರೆ ಬೆರಳು ಬೆಳೆಯುತ್ತಾ?"

ಅವನ ಕಿವಿ ಕೆಂಪಾಯಿತು. "ತಪ್ಪಾಯ್ತು. ಕೈ ಕೊಡಿ, ಅಳತೆ ತಗೋತೀನಿ."

ಅಳತೆಯ ಉಕ್ಕಿನ ವರ್ನಿಯರ್ ತಣ್ಣಗೆ ತಾಗಿದಾಗ ಅವಳು ಬೆಚ್ಚಿದಳು. ಅವನು ಅದನ್ನು ತನ್ನ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ ಮತ್ತೆ ಅಳೆದ. ಒಂದೊಂದು ಬೆರಳಿಗೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅದು ಅವಳಿಗೆ ತಿಳಿಯಿತು. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮೊದಲು ಮಾಡಿದ ಹಿಡಿ ಹೆಬ್ಬೆರಳಿಗೆ ಜೋಮು ಹಿಡಿಸಿತು. ಆಮೇಲಿನದು ಒದ್ದೆ ಗ್ಲೌಸಿನಲ್ಲಿ ಜಾರಿತು. ಪ್ರತಿ ಸಲವೂ ಬಂದು ಬೈಯುತ್ತಿದ್ದವಳು, ಬೈಯಲು ಏನೂ ಇಲ್ಲದ ದಿನಗಳಲ್ಲೂ ಬರತೊಡಗಿದಳು.

"ಇವತ್ತೇನು ಕಂಪ್ಲೇಂಟು?"

"ಕಂಪ್ಲೇಂಟ್ ಇಲ್ದಿದ್ರೆ ಬರಬಾರ್ದಾ?"

ಅವನು ಸ್ಪ್ಯಾನರ್ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ವೇಣಿ ಟೀ ಲೋಟದ ಹಿಂದೆ ನಗು ಅಡಗಿಸಿಕೊಂಡಳು.

ಕೊನೆಗೂ ಒಂದು ಹಿಡಿ ಒಗ್ಗಿತು. ರೋಗಿಗಳ ಮೇಲೆ ಬಳಸುವ ಮುಂಚೆ ಪರೀಕ್ಷೆಯಾಗಬೇಕಿತ್ತು. ಹಲವು ಆಸ್ಪತ್ರೆಗಳ ಸರ್ಜನ್‌ಗಳನ್ನು ಒಪ್ಪಿಸಿ, ಹೊಟ್ಟೆಯ ಬದಲಿಗೆ ಬಳಸುವ ತರಬೇತಿಯ ಡಬ್ಬದೊಳಗೆ ಹಳೆಯದರಲ್ಲೂ ಹೊಸದರಲ್ಲೂ ಹೊಲಿಗೆ ಹಾಕಿಸಿದಳು. ಚಿಕ್ಕ ಕೈಗಳಿಗೆ ಹೊಸ ಹಿಡಿಯಲ್ಲಿ ತಪ್ಪು ಕಡಿಮೆ, ಮಣಿಕಟ್ಟಿನ ನೋವೂ ಕಡಿಮೆ. ದೊಡ್ಡ ಕೈಗಳಿಗೆ ಅದು ಇಕ್ಕಟ್ಟು. ಎರಡನ್ನೂ ಇದ್ದದ್ದು ಇದ್ದ ಹಾಗೆ ಪ್ರಬಂಧದಲ್ಲಿ ಬರೆದು, ತನ್ನ ಹೆಸರಿನ ಪಕ್ಕ ಭಾನುವಿನ ಹೆಸರನ್ನೂ ಸೇರಿಸಿದಳು.

ವಿನಾಯಕ್ ಓದಿ ಒಂದೇ ಷರತ್ತು ಹಾಕಿದರು. ವಿನ್ಯಾಸ ವಿಭಾಗದ್ದು ಎಂದಿರಲಿ, ಪೀಣ್ಯದ ಲೇತ್ ಅಂಗಡಿಯವನ ಹೆಸರು ಪ್ರಬಂಧದಲ್ಲಿ ಬೇಡ. ಇದ್ದರೆ ಇನ್ನು ಆಪರೇಷನ್ ಟೇಬಲ್ ಹತ್ತಿರ ಬರಬೇಡ ಎಂದರು.

ವಿಷಯ ಕೇಳಿದ ಭಾನು ತಲೆ ತಗ್ಗಿಸಿದ. "ತೆಗೆದ್ಬಿಡಿ. ನಿಮ್ಮ ಕೆಲಸಕ್ಕಿಂತ ನನ್ನ ಹೆಸರು ದೊಡ್ಡದಲ್ಲ."

"ನಿಮಗೇ ಬೇಡ ಅಂದ್ರೆ ತೆಗೀತೀನಿ. ಅವರಿಗೆ ಹೆದರಿ ಬೇಡ ಅನ್ನಬೇಡಿ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನೀವು ಹೆದರಿದ್ರೆ ನಾನು ಯಾರ ಹತ್ರ ಬರ್ಲಿ?"

ಅವನು ಅವಳನ್ನೇ ನೋಡಿದ. ಕಣ್ಣು ತಪ್ಪಿಸಲಿಲ್ಲ. "ಇರ್ಲಿ ಹಂಗಾದ್ರೆ."

ವೈಟ್‌ಫೀಲ್ಡಿನ ಹೋಟೆಲಿನಲ್ಲಿ ನಡೆದ ಸರ್ಜನ್‌ಗಳ ಸಮ್ಮೇಳನದಲ್ಲಿ, ಪರದೆಯ ಮೇಲೆ ಎರಡು ಹೆಸರು ಅಕ್ಕಪಕ್ಕ ಮೂಡಿದವು. ಭಾನು ಇಸ್ತ್ರಿ ಶರ್ಟಿನಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದ. ಅವಳು ಮುಗಿಸಿದ ಮೇಲೆ ವಿನಾಯಕ್ ಮೈಕ್ ಕೇಳಿ ಪಡೆದರು. ಈ ಭಾನುಪ್ರಕಾಶ್ ಯಾವ ಮೆಡಿಕಲ್ ಕಾಲೇಜು ಎಂದು ವಿಚಾರಿಸಿದರು. ಸಭೆ ನಕ್ಕಿತು.

"ಪೀಣ್ಯ, ಸಾರ್," ಎಂದಳು ವೇಣಿ. "ನೀವು ನನ್ನ ಕೈ ನೋಡಿ ನಕ್ರಿ. ಅವರು ಅಳತೆ ತಗೊಂಡ್ರು."

ನಗು ಅಲ್ಲಿಗೇ ನಿಂತಿತು. ಹೊರಗೆ ಬಂದಾಗ ಹೆಣ್ಣು ಸರ್ಜನ್‌ಗಳು ಮುತ್ತಿಕೊಂಡು, ಈ ಹಿಡಿ ನಮಗೂ ಬೇಕು ಎಂದರು.

ಮರುವಾರ ಆಪರೇಷನ್ ಪಟ್ಟಿಯಿಂದ ಅವಳ ಹೆಸರು ಹೋಯಿತು. ವೇಣಿ ರಾಜೀನಾಮೆ ಕೊಟ್ಟು, ಮಾದನಾಯಕನಹಳ್ಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸ ಒಪ್ಪಿಕೊಂಡು, ನೇರ ವರ್ಕ್‌ಶಾಪಿಗೆ ಬಂದಳು.

"ಎಲ್ಲಾ ನನ್ನಿಂದ ಆಗಿದ್ದು," ಎಂದ ಭಾನು.

"ನಿಮ್ಮಿಂದ ಆಗಿದ್ದು ಬೇರೆ. ಮನೇಲಿ ಡಾಕ್ಟರ್ ಗಂಡು ನೋಡಿದ್ರು. ಬೇಡ, ನಾನು ಭಾನುಪ್ರಕಾಶ್ ಅವರನ್ನ ಮದುವೆ ಆಗೋದು ಅಂದೆ. ಅಪ್ಪ ಕೂಗಾಡಿದ್ರು, ಯಾವ ಜನ ಅಂತ ಕೇಳಿದ್ರು. ಗೊತ್ತಿಲ್ಲ, ಕೇಳೋದೂ ಇಲ್ಲ ಅಂದೆ."

ಭಾನು ಲೇತ್ ಆಫ್ ಮಾಡಿದ. ಇಡೀ ಶೆಡ್ಡು ಸುಮ್ಮನಾಯಿತು.

"ನನ್ನನ್ನೂ ಕೇಳ್ಲಿಲ್ವಲ್ಲ?"

"ಈಗ ಕೇಳ್ತಿದೀನಿ."

ಅವನು ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದ. ಚಿಕ್ಕಬಾಣಾವರದ ಮನೆಯಲ್ಲಿ ಅವನ ತಾಯಿ ಅಂಜನಮ್ಮ ಎತ್ತಿಕೊಂಡರು. ಸ್ಪೀಕರ್ ಹಾಕಿ, ವೇಣಿಯನ್ನೇ ನೋಡುತ್ತ ಹೇಳಿದ. "ಅಮ್ಮಾ, ಊಟಕ್ಕೆ ಒಬ್ರನ್ನ ಕರ್ಕೊಂಡು ಬರ್ತೀನಿ. ನಿನ್ನ ಸೊಸೆ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಮುದ್ದೆ ಉಂತಾಳೇನ್ಲಾ?"

ಭಾನು ಬಾಯಿ ತೆರೆಯುವ ಮುಂಚೆಯೇ ವೇಣಿ ಫೋನಿನ ಕಡೆ ಬಾಗಿದಳು.

"ಎರಡು ಉಣ್ತೀನಿ, ಅತ್ತೆ."