ಅಟ್ಟದಲ್ಲೊಂದು ಹಸಿ ಕಾಯಿ

ಅಣ್ಣ ಬೈದಿದ್ದರೆ ದಯಾನಂದ ನುಂಗಿಕೊಳ್ಳುತ್ತಿದ್ದ. ನಕ್ಕುಬಿಟ್ಟನಲ್ಲ, ಅದನ್ನು ಹೇಗೆ ನುಂಗುವುದು?

ಬಿಳಿಗೆರೆಯ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಹಾಕಿದ್ದ ಕಾಯಿಗಳನ್ನು ಅವನು ಕದ್ದು ಮಾರಿ, ಆ ಜಾಗಕ್ಕೆ ಹೊಸ ಕಾಯಿ ಸುರಿದಿದ್ದ. ನೋಡಿದರೆ ಎಲ್ಲಾ ಒಂದೇ ಥರ, ಯಾರಿಗೆ ಗೊತ್ತಾಗುತ್ತದೆ? ಅಣ್ಣ ಶಿವಣ್ಣ ಅಟ್ಟ ಹತ್ತಿ, ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ್ದರೆ ಒಳಗಿನ ಕೊಬ್ಬರಿ ಗಿಟುಕು ಗಡಗಡ ಎನ್ನಬೇಕು. ನೀರು ಕುಲುಕಿತು.

"ಲೇ ದಯಾ, ಇದು ನಿನ್ನೆ ಮೊನ್ನೇದು ಕಣ್ಲಾ. ಕಳ್ತನ ಮಾಡಕ್ಕೂ ಬುದ್ಧಿ ಬೇಕು ಬುಡು!" ಕೆಳಗೆ ಕಾಯಿ ಸುಲಿಯುತ್ತಿದ್ದ ಆಳುಗಳೂ ನಕ್ಕರು.

ಅಂದು ಸಂಜೆ ತೋಟದಲ್ಲಿ ಶಿವಣ್ಣ ನೀರು ತಿರುಗಿಸಲು ಬಗ್ಗಿದ್ದಾಗ ದಯಾನಂದ ಮಚ್ಚಿನ ಹಿಂಬದಿಯಿಂದ ಬಾರಿಸಿದ. ಬುರುಡೆ ಬಿರಿದದ್ದು ಕೈಗೇ ತಿಳಿಯಿತು. ಇನ್ನೊಂದು ಬಿಟ್ಟ. ಆಮೇಲೆ ಒಂದು ಕಾಯಿಗೆ ರಕ್ತ ಮೆತ್ತಿ ಪಕ್ಕಕ್ಕೆ ಉರುಳಿಸಿ, ಊರೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡ. ತೆಂಗಿನ ಸೀಮೆಯಲ್ಲಿ ತಲೆ ಮೇಲೆ ಕಾಯಿ ಬಿತ್ತು ಎಂದರೆ ಅನುಮಾನಪಡುವವರು ಯಾರು?

ಆದರೆ ಶಿವಣ್ಣ ಸಾಯಲಿಲ್ಲ. ವರ್ಷ ಕಳೆದರೂ ನಡುಮನೆಯ ಮಂಚದ ಮೇಲೆ, ಮೂಗಿನಲ್ಲಿ ಗಂಜಿ ಇಳಿಸುವ ಕೊಳವೆ, ಕಣ್ಣು ತೆರೆದೇ ಇದ್ದರೂ ಅರಿವಿಲ್ಲ. ತುಮಕೂರಿನಿಂದ ಬರುವ ಡಾಕ್ಟರ್ ಯೋಗಿತಾ ಆಗಾಗ ರಕ್ತ ತೆಗೆದುಕೊಂಡು ಹೋಗುತ್ತಿದ್ದರು.

"ಮೆದುಳಿನ ನರ ಮುರಿದ್ರೆ ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೋರುತ್ತೆ. ಆವಾಗ ಬಹಳ ಇತ್ತು, ಈಗ ಇಳಿದಿದೆ. ಒಳ್ಳೇದೇ," ಎಂದರು ಒಮ್ಮೆ.

ಅತ್ತಿಗೆ ಸುನಂದಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆ ವಾರವೇ ಶಿವಣ್ಣನ ಕಣ್ಣು ದಯಾನಂದನ ಬೆನ್ನು ಹಿಡಿದು ಬಾಗಿಲವರೆಗೂ ಬಂತು. ಎದ್ದರೆ ಅಣ್ಣ ಸುಮ್ಮನಿರುತ್ತಾನೆಯೇ?

"ಇನ್ನೆಷ್ಟು ದಿನ ಅತ್ತಿಗೆ ಈ ಹಿಂಸೆ? ಕೊಳವೆ ತೆಗ್ಸಿ ಕಳಿಸಿಕೊಡಾನ."

"ನೀನು ಹೇಳ್ದೆ ಅಂತ ಬುಡ್ತೀನೇನಪ್ಪ? ಆಸೆ ಇಲ್ಲ ಅಂತ ಆ ರಕ್ತವೇ ಹೇಳ್ಲಿ, ಆವಾಗ ನೋಡಾನ."

ರಕ್ತ ಹೇಳಬೇಕು ತಾನೆ? ಹೇಳಿಸಿದರಾಯಿತು. ಕೊಂದರೆ ಪೊಲೀಸು, ಹೆಣ ಕೊಯ್ಯುವುದು, ನೂರೆಂಟು ಪ್ರಶ್ನೆ. ಜೀವ ಉಳಿಸಿ ನರವನ್ನಷ್ಟೇ ಸಾಯಿಸಿದರೆ ಸೋರಿಕೆ ಏರುತ್ತದೆ, ಡಾಕ್ಟರು ಕೈ ಚೆಲ್ಲುತ್ತಾರೆ, ಕೊಳವೆ ಕೀಳುವ ಕೈ ತನ್ನದಾಗಿರುವುದಿಲ್ಲ. ಏರಿತೆಂದು ಯಾರೂ ಬೆರಗಾಗುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ದಿನ ಕಳೆದಷ್ಟೂ ಒಣಗುವಂತೆ, ಒಡೆದ ತಲೆಯೂ ದಿನ ಕಳೆದಷ್ಟೂ ಕೆಡುವುದೇ ಸಹಜವೆಂದು ಅವನು ಲೆಕ್ಕ ಹಾಕಿದ.

ಸುನಂದಾ ಡೈರಿಗೆ ಹಾಲು ಹಾಕಲು ಹೋದ ಹೊತ್ತಿನಲ್ಲಿ ದಿಂಬು ತೆಗೆದುಕೊಂಡು ಅಣ್ಣನ ಮುಖದ ಮೇಲೆ ಒರಗಿದ. ಅಲುಗಾಡದ ಮೈ ಬಿಲ್ಲಿನಂತೆ ಸೆಟೆಯಿತು. ಹಿಮ್ಮಡಿ ಮಂಚಕ್ಕೆ ಟಕಟಕ ಬಡಿಯಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿದಾಗ ಬಿಟ್ಟ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ. ಪ್ರತಿ ಸಲ ಜೊಲ್ಲು ಒರೆಸಿ, ತಲೆ ಬಾಚಿ, ಪಕ್ಕದಲ್ಲೇ ಕೂತ. ಹಾದಿಯಲ್ಲಿ ಹೋಗುವವರು ಇಣುಕಿ, "ತಮ್ಮ ಅಂದ್ರೆ ಹಿಂಗಿರ್ಬೇಕು ಕಣ್ರೀ," ಎಂದರು. ಅಣ್ಣನ ಕಣ್ಣು ಈಗ ಯಾರ ಬೆನ್ನನ್ನೂ ಹಿಡಿಯುತ್ತಿರಲಿಲ್ಲ.

ಮುಂದಿನ ಸಲ ರಕ್ತ ತೆಗೆದುಕೊಂಡು ಹೋದ ಡಾಕ್ಟರು ಹೇಳದೆ ಕೇಳದೆ ವಾಪಸು ಬಂದರು. "ತುಂಬಾ ಏರಿದೆ," ಎಂದರು.

ದಯಾನಂದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದ. "ನಮ್ಮ ಹಣೇಬರ ಮೇಡಂ. ಹೋಗ್ಲಿ ಬುಡಿ, ಕೊಳವೆ ತೆಗೀರಿ."

ಯೋಗಿತಾ ಅವನತ್ತ ತಿರುಗಲಿಲ್ಲ. "ಸುನಂದಮ್ಮ, ಹಳೇ ಪೆಟ್ಟಿಗೆ ಸೋರಿದ ಪ್ರೋಟೀನು ಇಳೀತಾನೇ ಹೋಗುತ್ತೆ. ಹೀಗೆ ಏರಬೇಕಾದ್ರೆ ಹೊಸ ಪೆಟ್ಟು ಬಿದ್ದಿರಬೇಕು, ಇಲ್ಲಾ ಉಸಿರು ಕಟ್ಟಿರಬೇಕು. ಅದೂ ಇತ್ತೀಚೆಗೆ, ಈ ಮನೇಲೇ. ಪೊಲೀಸರಿಗೆ ತಿಳಿಸಿಯೇ ಬಂದಿದ್ದೀನಿ." ದಯಾನಂದನ ಕಿವಿಯಲ್ಲಿ ಅಟ್ಟದ ಆ ಕಾಯಿಯ ನೀರು ಮತ್ತೆ ಕುಲುಕಿತು. ಸುನಂದಾ ಮಂಚದ ಕಾಲುದೆಸೆಯಿಂದ ನಿಧಾನಕ್ಕೆ ಎದ್ದಳು. "ನಾನು ಡೈರಿಗೆ ಹೋದಾಗ ಇವರ ಹತ್ರ ಕೂತಿರ್ತಿದ್ದೋನು ನೀನೊಬ್ನೇ ಅಲ್ವೇನಪ್ಪ?"